ನನ್ನ ಜೇನುಹುಳಕ್ಕೆ ಎರಡು ಕಾಲು ಕಮ್ಮಿ ಇತ್ತು

ಭಾಗ 1/8: ಯಾರ ಮನೆ ಹುಳ?

ಮೊದಲು ಚಿತ್ರ ನೋಡಿ, ಆಮೇಲೆ ಕ್ಯಾಪ್ಷನ್ ಓದಿ.

ಹಳದಿ ದುಂಡು ಮೈ, ಎರಡು ದಪ್ಪ ಕಪ್ಪು ಪಟ್ಟೆ, ಗೋಲಿಯಂಥ ಕಣ್ಣು, ಗುಲಾಬಿ ಕೆನ್ನೆ, ಹಿಂದೆ ಚೂಪು ಕೊಂಡಿ, ಕೈಯಲ್ಲಿ ಜೇನಿನ ಪುಟ್ಟ ಕುಡಿಕೆ. ಪಕ್ಕದಲ್ಲಿ ಹಗ್ಗ ಸುತ್ತಿಟ್ಟ ಹಾಗಿರೋ ಗುಮ್ಮಟದ ಗೂಡು. ಮುದ್ದಾಗಿದೆ ಅಲ್ವಾ? ನಂಗೂ ಹಾಗೇ ಅನ್ನಿಸಿತ್ತು. ಕ್ರಿಟಾದಲ್ಲಿ ಎರಡು ರಾತ್ರಿ ಕೂತು ಬಿಡಿಸಿದ್ದು. ಅಕೌಂಟೆನ್ಸಿ ಇಂಟರ್ನಲ್ಸ್ ಹಿಂದಿನ ದಿನ ಕೂಡ. (ಅಮ್ಮ ಈ ಪೇಜ್ ಫಾಲೋ ಮಾಡಲ್ಲ, ಹೇಳಬೇಡಿ.)

ಇದು ದೊಡ್ಡಪ್ಪನ ಜೇನು ಬಾಟಲಿಗೆ ಲೇಬಲ್. ತೀರ್ಥಹಳ್ಳಿ ಕಡೆ ಅವರ ತೋಟದಲ್ಲಿ ಒಂದಿಷ್ಟು ಜೇನು ಪೆಟ್ಟಿಗೆ ಇವೆ. ಇಷ್ಟು ವರ್ಷ ಗುರುತಿದ್ದವರಿಗೆ ಮಾತ್ರ, ಹಳೇ ಬಾಟಲಿಗೆ ತುಂಬಿ ಕೊಡ್ತಿದ್ರು. ಈ ಸಲ ನಾನೇ ಹಠ ಮಾಡಿದೆ: "ದೊಡ್ಡಪ್ಪ, ಬ್ರ್ಯಾಂಡಿಂಗ್ ಬೇಕು. ಲೇಬಲ್ ಇಲ್ಲದ ಮಾಲು ಪೇಟೇಲಿ ಅನಾಥ." ಬಿಕಾಂ ಓದೋರ ಮಾತು ಹೀಗೇ ಇರುತ್ತೆ, ಕ್ಷಮಿಸಿ.

ಫೋನಲ್ಲಿ ಚಿತ್ರ ತೋರಿಸಿದೆ. ದೊಡ್ಡಪ್ಪ ಕನ್ನಡಕ ಹಾಕ್ಕೊಂಡು, ಝೂಮ್ ಮಾಡಿ, ತುಂಬಾ ಹೊತ್ತು ನೋಡಿದ್ರು.

"ಚೆನ್ನಾಗಿದೆ ಪುಟ್ಟಿ. ಆದ್ರೆ ಇದು ಯಾರ ಮನೆ ಹುಳ?"

ನಾನು ನಕ್ಕೆ. ಅವರು ನಗಲಿಲ್ಲ. "ನಾಕೇ ಕಾಲಿದೆ. ನಮ್ಮ ತುಡುವೆ ಈ ಬಣ್ಣಕ್ಕಿಲ್ಲ. ಈ ಗೂಡನ್ನ ನಾನು ಹುಟ್ಟಿದ ಮೇಲೆ ಎಲ್ಲೂ ನೋಡಿಲ್ಲ. ಇದನ್ನ ಅಂಟಿಸಿ ನಮ್ಮ ತೋಟದ ಜೇನು ಅಂತ ಹೇಗೆ ಮಾರ್ಲಿ?"

ನಿಜ ಹೇಳ್ತೀನಿ, ಸಿಟ್ಟು ಬಂತು. ಕಾರ್ಟೂನ್ ಅಂದ್ರೆ ಕಾರ್ಟೂನ್ ಅಲ್ವಾ? ಸೈನ್ಸ್ ರೆಕಾರ್ಡ್ ಬುಕ್ಕಾ ಇದು? ಆದ್ರೆ ರಾತ್ರಿ ಮಲಗಿದಾಗ ಒಂದು ಪ್ರಶ್ನೆ ಬಿಡಲೇ ಇಲ್ಲ. ಕಣ್ಣು ಮುಚ್ಚಿದ್ರೆ ಪೆಟ್ಟಿಗೆ ಜೇನು ಕಾಣೋ ಮನೆಯವಳು ನಾನು. ನನ್ನ ಕೈ ಯಾಕೆ ತಾನಾಗೇ ನಾಲ್ಕು ಕಾಲು ಹಾಕಿತು? ನೋಡೇ ಇಲ್ಲದ ಗೂಡು ನನ್ನ ಪೆನ್ನಿಗೆ ಎಲ್ಲಿಂದ ಬಂತು?

ಹುಡುಕ್ತಾ ಹೋದೆ. ಸಿಕ್ಕಿದ್ದು ಸುಮಾರು ನಾನೂರು ವರ್ಷದ ಕಥೆ. ಎಂಟು ಪೋಸ್ಟಲ್ಲಿ ಹೇಳ್ತೀನಿ. ಒಂದೊಂದರ ಜೊತೆ ನನ್ನ ಹುಳವನ್ನ ಒಂದೊಂದು ಹೆಜ್ಜೆ ಮತ್ತೆ ಬಿಡಿಸ್ತಾ ಹೋಗ್ತೀನಿ. ಬನ್ನಿ.

ಭಾಗ 2/8: ಪೋಪ್ ಗುರುಗಳಿಗೊಂದು ಉಡುಗೊರೆ

ಏನೇ ಬಿಡಿಸೋಕೂ ಮುಂಚೆ ನಾವೆಲ್ಲ ಮಾಡೋ ಮೊದಲ ಕೆಲಸ ರೆಫರೆನ್ಸ್ ಹುಡುಕೋದು. ಹಾಗಾದ್ರೆ ಜೇನುಹುಳವನ್ನ ಹತ್ತಿರದಿಂದ ನೋಡಿ ಬಿಡಿಸಿದವರು ಯಾರು?

ಇಸವಿ 1625. ಊರು ರೋಮ್. ಅಲ್ಲಿ ಫೆಡೆರಿಕೊ ಚೇಸಿ ಅನ್ನೋ ಶ್ರೀಮಂತ ಯುವಕ 1603ರಲ್ಲೇ ಗೆಳೆಯರ ಜೊತೆ ಒಂದು ವಿಜ್ಞಾನ ಕೂಟ ಕಟ್ಟಿದ್ದ. ಗೆಲಿಲಿಯೊ ಕೂಡ ಅದರ ಸದಸ್ಯ. 1624ರಲ್ಲಿ ಗೆಲಿಲಿಯೊ ಚೇಸಿಗೆ ಒಂದು ಹೊಸ ಉಪಕರಣ ಕಳಿಸಿದ. ದೂರದ್ದನ್ನ ಹತ್ತಿರ ತೋರಿಸೋ ದುರ್ಬೀನು ಅಲ್ಲ, ಚಿಕ್ಕದ್ದನ್ನ ದೊಡ್ಡದಾಗಿ ತೋರಿಸೋ ಮೈಕ್ರೋಸ್ಕೋಪ್. ಮರುವರ್ಷ ಆ ಕೂಟದ ಫ್ರಾಂಚೆಸ್ಕೊ ಸ್ಟೆಲ್ಲೂಟಿ ಮತ್ತು ಚೇಸಿ ಸೇರಿ 'ಮೆಲಿಸ್ಸೋಗ್ರಾಫಿಯಾ' ಅನ್ನೋ ಒಂದು ದೊಡ್ಡ ಹಾಳೆ ಅಚ್ಚು ಹಾಕಿಸಿದ್ರು. ಅದರಲ್ಲಿ ಮೂರು ಜೇನುಹುಳ: ಒಂದು ಮೇಲಿಂದ, ಒಂದು ಕೆಳಗಿಂದ, ಒಂದು ಪಕ್ಕದಿಂದ. ಮೈಕ್ರೋಸ್ಕೋಪಲ್ಲಿ ನೋಡಿ ಅಚ್ಚಾದ ಮೊದಲ ಚಿತ್ರ ಅಂತ ಅದನ್ನ ಗುರುತಿಸ್ತಾರೆ. ಇರುವೆ ಅಲ್ಲ, ಚಿಗಟ ಅಲ್ಲ, ಜೇನುಹುಳ!

ಯಾಕೆ ಜೇನೇ? ಇಲ್ಲೇ ಮಜಾ ಇರೋದು. ಆಗಷ್ಟೇ, 1623ರಲ್ಲಿ, ಎಂಟನೇ ಅರ್ಬನ್ ಪೋಪ್ ಆಗಿದ್ದ. ಅವನದು ಬಾರ್ಬೆರಿನಿ ಮನೆತನ. ಆ ಮನೆತನದ ಲಾಂಛನದಲ್ಲಿ ಇದ್ದಿದ್ದೇ ಮೂರು ಜೇನುಹುಳ. ಹೊಸ ವಿಜ್ಞಾನಕ್ಕೆ ಪೋಪ್ ಕೃಪೆ ಬೇಕಿತ್ತು. ಅದಕ್ಕೆ ಅವನ ಲಾಂಛನದ ಹುಳವನ್ನೇ, ಯಾರೂ ನೋಡಿರದಷ್ಟು ದೊಡ್ಡದಾಗಿ ಬಿಡಿಸಿ ಅರ್ಪಿಸಿದ್ರು. ನಮ್ಮ ಭಾಷೇಲಿ ಹೇಳ್ಬೇಕಂದ್ರೆ ಸ್ಪಾನ್ಸರ್ಡ್ ಪೋಸ್ಟ್. (ಅದೇ ಪೋಪ್ ಕಾಲದಲ್ಲೇ 1633ರಲ್ಲಿ ಗೆಲಿಲಿಯೊ ಮೇಲೆ ವಿಚಾರಣೆ ನಡೀತು. ಸ್ಪಾನ್ಸರ್‌ಗಳನ್ನ ಪೂರ್ತಿ ನಂಬಬೇಡಿ.)

ನಂಗೆ ಇದರಲ್ಲಿ ಇಷ್ಟವಾಗಿದ್ದು ಬೇರೆ. ಆ ಹಾಳೆಯೂ ಒಂದು ರೀತಿ ಲೇಬಲ್ಲೇ, ಒಬ್ಬರನ್ನ ಖುಷಿಪಡಿಸೋಕೆ ಮಾಡಿದ್ದು. ಆದ್ರೂ ಹುಳದ ಮೈಮೇಲಿನ ರೋಮ, ಕಾಲಿನ ಗಂಟು, ಮೀಸೆ, ಎಲ್ಲವನ್ನೂ ಕೂತು ನೋಡಿದ್ದಾರೆ. ಖುಷಿಪಡಿಸೋದಕ್ಕೂ ಸರಿಯಾಗಿ ನೋಡೋದಕ್ಕೂ ಜಗಳ ಇಲ್ಲ ಅಂತಾಯ್ತು.

ನನ್ನ ಹೆಜ್ಜೆ 1: ಹಳೇ ಫೈಲ್ ಮುಚ್ಚಿದೆ. ಪೆಟ್ಟಿಗೆ ಬಾಗಿಲ ಹತ್ರ ಕೂತು ಫೋನಲ್ಲಿ ಸಿಕ್ಕಷ್ಟು ಫೋಟೊ ತೆಗೆದೆ. ಮುಕ್ಕಾಲು ಪಾಲು ಬ್ಲರ್. ಆದ್ರೆ ನಾಲ್ಕೈದರಲ್ಲಿ ಕಾಲು ಎಣಿಸೋಕೆ ಆಯ್ತು. ಆರು. ದೊಡ್ಡಪ್ಪ ಸರಿ.

ಭಾಗ 3/8: ರಾಜ ಅಲ್ಲ, ರಾಣಿ

ನನ್ನ ಮೊದಲ ಚಿತ್ರದ ಹುಳ ಗಂಡೋ ಹೆಣ್ಣೋ? ನಾನು ಯೋಚನೆಯೇ ಮಾಡಿರಲಿಲ್ಲ. ಮನಸ್ಸಲ್ಲಿ ಮಾತ್ರ ಅದಕ್ಕೆ 'ಇವನು' ಅಂತಿದ್ದೆ. ಈ ತಪ್ಪಿಗೆ ಎರಡು ಸಾವಿರ ವರ್ಷ ದಾಟಿದೆ.

ಗ್ರೀಸ್‌ನ ಅರಿಸ್ಟಾಟಲ್ ಜೇನುಗೂಡಿನ ಮುಖ್ಯ ಹುಳವನ್ನ ರಾಜ ಅಂತಲೇ ಕರೆದ. ಅವನ ಮಾತು ಯೂರೋಪಲ್ಲಿ ತುಂಬಾ ಕಾಲ ನಡೀತು. 1609ರಲ್ಲಿ ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಬಟ್ಲರ್, ತಾನೇ ಜೇನು ಸಾಕಿದವನು, 'ದಿ ಫೆಮಿನೈನ್ ಮೊನಾರ್ಕಿ' ಅನ್ನೋ ಪುಸ್ತಕದಲ್ಲಿ ಇದು ಹೆಣ್ಣಿನ ರಾಜ್ಯ ಅಂತ ಬರೆದ. ಅದನ್ನ ಕಣ್ಣಿಗೆ ಕಾಣೋ ಹಾಗೆ ತೋರಿಸಿದವನು ಹಾಲೆಂಡಿನ ಯಾನ್ ಸ್ವಾಮ್ಮರ್ಡಾಮ್. 1670ರ ದಶಕದಲ್ಲಿ ಅವನು ಆ 'ರಾಜ'ನ ಹೊಟ್ಟೆ ಸೀಳಿ, ಮೈಕ್ರೋಸ್ಕೋಪಲ್ಲಿ ನೋಡಿ, ಒಳಗಿದ್ದ ಅಂಡಾಶಯವನ್ನ ಬಿಡಿಸಿದ. ರಾಜನ ಹೊಟ್ಟೆ ತುಂಬಾ ಮೊಟ್ಟೆ! ಅವನು 1680ರಲ್ಲಿ ತೀರಿಕೊಂಡ. ಚಿತ್ರಗಳು ಅಚ್ಚಾಗಿ ಹೊರಬರೋಕೆ 1737ರವರೆಗೆ ಕಾಯಬೇಕಾಯ್ತು.

ಅಂದ್ರೆ ವಾದ ಮುಗಿಸಿದ್ದು ಒಂದು ಚಿತ್ರ. ಕಂಡದ್ದನ್ನ ಕಂಡ ಹಾಗೆ ಬಿಡಿಸಿದ್ದಕ್ಕೆ ಅಷ್ಟು ಬಲ.

ಆದ್ರೆ ಕಾರ್ಟೂನ್ ಲೋಕಕ್ಕೆ ಆ ಸುದ್ದಿ ಇನ್ನೂ ಸರಿಯಾಗಿ ಮುಟ್ಟಿಲ್ಲ. 2007ರ 'ಬೀ ಮೂವಿ' ನೋಡಿದ್ದೀರಾ? ಹೀರೋ ಬ್ಯಾರಿ ಗಂಡು. ಹೂವಿಂದ ಹೂವಿಗೆ ಹಾರೋ ಶೂರರೂ ಗಂಡಸರೇ. ನಿಜವಾದ ಗೂಡಲ್ಲಿ ಹೂವಿಗೆ ಹೋಗೋದು, ಮಕರಂದ ತರೋದು, ಮರಿ ಸಾಕೋದು, ಮನೆ ಗುಡಿಸೋದು, ಬಾಗಿಲು ಕಾಯೋದು, ಎಲ್ಲಾ ಹೆಣ್ಣು. ಗಂಡು ಜೇನು ಹೂವಿನ ಕೆಲಸಕ್ಕೆ ಹೋಗಲ್ಲ. ಅದಕ್ಕೆ ಕೊಂಡಿಯೂ ಇಲ್ಲ.

ಇನ್ನೊಂದು ವಿಷಯ ಕೇಳಿ ಬಿದ್ದು ಬಿದ್ದು ನಕ್ಕೆ. ಗಂಡು ಜೇನಿನ ಮೈ ದುಂಡಗೆ, ಕಣ್ಣು ತುಂಬಾ ದೊಡ್ಡದು. ಎರಡೂ ಕಣ್ಣು ನೆತ್ತಿ ಮೇಲೆ ಒಂದಕ್ಕೊಂದು ತಾಗೋ ಅಷ್ಟು. ಅಂದ್ರೆ ನಾನು ಬಿಡಿಸಿದ್ದು ಏನು? ಕಣ್ಣು, ಮೈ ಗಂಡಿನದು. ಕೊಂಡಿ ಹೆಣ್ಣಿನದು. ಕೈಯಲ್ಲಿರೋ ಜೇನು ಅವನು ದುಡೀದೇ ಹಿಡ್ಕೊಂಡಿದ್ದು. ದೊಡ್ಡಪ್ಪನ ತೋಟದಲ್ಲಿ ಬೆಳಗಿಂದ ಸಂಜೆವರೆಗೆ ದುಡಿಯೋ ಹೆಣ್ಣುಹುಳದ ಹೆಸರು ತೆಗೆದು ಇವನ ಮುಖ ಅಂಟಿಸ್ತಿದ್ದೆ.

ಇದನ್ನ ಅಮ್ಮಂಗೆ ಹೇಳಿದೆ. ಅಮ್ಮ ಒಗ್ಗರಣೆ ಹಾಕ್ತಾ "ಹೊಸದೇನಿದೆ ಅದ್ರಲ್ಲಿ" ಅಂದ್ಲು.

ನನ್ನ ಹೆಜ್ಜೆ 2: ಲೇಯರ್ ಹೆಸರು 'ಇವನು' ಅಂತಿತ್ತು. 'ಇವಳು' ಅಂತ ಬದಲಾಯಿಸಿದೆ. ಚಿತ್ರದಲ್ಲಿ ಕಾಣಲ್ಲ, ಗೊತ್ತು. ಆದ್ರೂ.

ಭಾಗ 4/8: ಟೋಪಿ ಹಾಕಿದ ಸೊಳ್ಳೆ

ವಿಜ್ಞಾನದ ಹುಳ ಕಾರ್ಟೂನ್ ಹುಳ ಆಗಿದ್ದು ಹೇಗೆ?

1912ರಲ್ಲಿ ಅಮೆರಿಕದ ವಿನ್ಸರ್ ಮೆಕೇ ಒಂದು ಪುಟ್ಟ ಸಿನಿಮಾ ಮಾಡಿದ: 'ಹೌ ಎ ಮಸ್ಕಿಟೋ ಆಪರೇಟ್ಸ್'. ಒಂದು ಸೊಳ್ಳೆ ತಲೆ ಮೇಲೆ ಉದ್ದ ಟೋಪಿ, ಕೈಯಲ್ಲಿ ಬ್ಯಾಗ್ ಹಿಡ್ಕೊಂಡು ಡ್ಯೂಟಿಗೆ ಬರೋ ಹಾಗೆ ಬರುತ್ತೆ. ಸೂಜಿ ಮಸೆದುಕೊಂಡು, ಮಲಗಿದ್ದವನ ರಕ್ತ ಕುಡೀತಾ ಕುಡೀತಾ ಊದಿ, ಕೊನೆಗೆ ಒಡೆದೇ ಹೋಗುತ್ತೆ. ಇದಕ್ಕೆ ಮೆಕೇ ಬಿಡಿಸಿದ್ದು ಸುಮಾರು 6,000 ಚಿತ್ರ. ಕೈಯಲ್ಲಿ. ಕಾಗದದ ಮೇಲೆ. ಕಂಟ್ರೋಲ್ ಝೆಡ್ ಇಲ್ಲದೆ.

ಆಗ ಲೇಯರ್ ಅನ್ನೋದೇ ಇರಲಿಲ್ಲ ಅಂತ ನೆನಪಿಡಿ. ಸೊಳ್ಳೆ ಒಂದಿಂಚು ಸರಿದ್ರೂ ಆ ಹಾಳೆಯಲ್ಲಿ ಇರೋದನ್ನೆಲ್ಲ ಮತ್ತೆ ಗೀಚಬೇಕು. ಎರಡು ವರ್ಷ ಆದ್ಮೇಲೆ, 1914ರಲ್ಲಿ, ಅರ್ಲ್ ಹರ್ಡ್ ಅನ್ನೋನು ಒಂದು ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ: ಕದಲೋ ಪಾತ್ರವನ್ನ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆ ಮೇಲೆ ಬಿಡಿಸಿ, ಕದಲದ ಹಿನ್ನೆಲೆ ಮೇಲೆ ಇಡೋದು. ನಾವು ಇವತ್ತು ಕ್ರಿಟಾದಲ್ಲೋ ಇಬಿಸ್ ಪೇಂಟಲ್ಲೋ ಪ್ಲಸ್ ಒತ್ತಿ ಸೇರಿಸೋ ಲೇಯರ್‌ನ ಅಜ್ಜ ಆ ಹಾಳೆ. ಫೋಟೊಶಾಪ್‌ಗೆ ಲೇಯರ್ ಬಂದಿದ್ದೇ 1994ರಲ್ಲಿ, ಮೂರನೇ ಆವೃತ್ತಿಯಲ್ಲಿ.

ಮೆಕೇ ಸೊಳ್ಳೆಗೆ ಟೋಪಿ ಹಾಕಿದ್ರೂ ಸೊಳ್ಳೆ ಸೊಳ್ಳೆಯೇ. ನೋಡಿದ್ರೆ ಮೈ ತುರಿಸುತ್ತೆ. ಪೂರ್ತಿ ಬದಲಾಗಿದ್ದು 1940ರ ಡಿಸ್ನಿಯ 'ಪಿನೋಕಿಯೊ'ದಲ್ಲಿ. ಮೂಲ ಕಥೆ ಇಟಲಿಯ ಕೊಲ್ಲೋಡಿಯದು, 1883ರಲ್ಲಿ ಪುಸ್ತಕವಾಯ್ತು. ಅದರಲ್ಲೊಂದು ಮಾತಾಡೋ ಜೀರುಂಡೆ ಬುದ್ಧಿ ಹೇಳೋಕೆ ಬರುತ್ತೆ. ಪಿನೋಕಿಯೊ ಸುತ್ತಿಗೆ ಎಸೆದು ಸಾಯಿಸ್ತಾನೆ! ಡಿಸ್ನಿಗೆ ಆ ಜೀರುಂಡೆ ಬದುಕಬೇಕಿತ್ತು, ಎಲ್ಲರಿಗೂ ಇಷ್ಟ ಆಗಬೇಕಿತ್ತು. ವಾರ್ಡ್ ಕಿಂಬಲ್ ಅನ್ನೋ ಕಲಾವಿದ ನಿಜವಾದ ಜೀರುಂಡೆಯ ಹತ್ತಿರದಿಂದ ಶುರು ಮಾಡಿದ. ಮೀಸೆ ಹೋಯ್ತು, ಗರಗಸದಂಥ ಕಾಲು ಹೋಯ್ತು, ಹೆಚ್ಚುವರಿ ಕಾಲೂ ಹೋಯ್ತು. ಕೊನೆಗೆ ಉಳಿದಿದ್ದು ಮೊಟ್ಟೆಯಂಥ ತಲೆ, ಕಿವಿ ಇಲ್ಲ, ಕೋಟು ಹಾಕಿದ ಒಬ್ಬ ಪುಟ್ಟ ಮನುಷ್ಯ. ಅವನನ್ನ ಜೀರುಂಡೆ ಅನ್ನೋಕೆ ಇರೋ ಒಂದೇ ಕಾರಣ ಎಲ್ಲರೂ ಹಾಗೆ ಕರೀತಾರೆ ಅನ್ನೋದು ಅಂತ ಕಿಂಬಲ್ ಆಮೇಲೆ ತಾನೇ ತಮಾಷೆ ಮಾಡ್ತಿದ್ದ.

ಇದನ್ನ ಓದಿದಾಗ ತಲೆಗೆ ಹೊಳೀತು. ಮುದ್ದು ಮಾಡೋದು ಅಂದ್ರೆ ಸೇರಿಸೋದು ಅಂದ್ಕೊಂಡಿದ್ದೆ. ಕೆನ್ನೆ ಸೇರಿಸು, ನಗು ಸೇರಿಸು, ಮಿಂಚು ಸೇರಿಸು. ಅಲ್ಲ. ಅದು ಕಳೆಯೋ ಲೆಕ್ಕ.

ಭಾಗ 5/8: ಕಾರಿನ ಗೆರೆ, ಮಗುವಿನ ಮುಖ

ಇವತ್ತಿನ ಪೋಸ್ಟ್ ದುಂಡಗಿನ ಬಗ್ಗೆ. ಮುದ್ದಾಗಿರೋದೆಲ್ಲ ದುಂಡಗೇ ಯಾಕಿರುತ್ತೆ?

1943ರಲ್ಲಿ ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಝ್, ಪ್ರಾಣಿಗಳ ನಡವಳಿಕೆ ಓದಿದವನು, ಒಂದು ಪಟ್ಟಿ ಕೊಟ್ಟ. ಮೈಗಿಂತ ದೊಡ್ಡ ತಲೆ, ಉಬ್ಬಿದ ಹಣೆ, ಮುಖದಲ್ಲಿ ಕೆಳಗಿರೋ ದೊಡ್ಡ ಕಣ್ಣು, ತುಂಬಿದ ಕೆನ್ನೆ, ಗಿಡ್ಡ ಕೈಕಾಲು. ಇದು ಮಗುವಿನ ರೂಪ. ಇದನ್ನ ನೋಡಿದ ಕೂಡಲೇ ನಮಗೆ ಎತ್ತಿಕೊಳ್ಳೋಣ ಅನ್ನಿಸುತ್ತೆ ಅಂದ. ನಾಯಿಮರಿ, ಬೊಂಬೆ, ಕಾರ್ಟೂನ್, ಎಲ್ಲಕ್ಕೂ ಇದೇ ಪಟ್ಟಿ ಕೆಲಸ ಮಾಡುತ್ತೆ. 1979ರಲ್ಲಿ ಸ್ಟೀಫನ್ ಜೇ ಗೂಲ್ಡ್ ಅನ್ನೋ ಜೀವವಿಜ್ಞಾನಿ ಮಿಕ್ಕಿ ಮೌಸ್‌ನ ಹಳೇ ಹೊಸ ಚಿತ್ರಗಳನ್ನ ಅಳೆದು ನೋಡಿದ. ವರ್ಷ ಕಳೆದ ಹಾಗೆ ಮಿಕ್ಕಿಯ ತಲೆ, ಕಣ್ಣು ದೊಡ್ಡದಾಗ್ತಾ ಹೋಗಿವೆ. ಮಿಕ್ಕಿಗೆ ವಯಸ್ಸಾಗ್ತಾ ಆಗ್ತಾ ಮಗು ಆಗ್ತಿದ್ದಾನೆ!

ಈಗ ಸಾಫ್ಟ್‌ವೇರ್ ಕಡೆ ಬನ್ನಿ. ಪರದೆ ಮೇಲೆ ನುಣ್ಣನೆ ದುಂಡು ಗೆರೆ ಎಳೀತೀವಲ್ಲ, ಎರಡು ತುದಿಯಲ್ಲಿ ಹಿಡಿ ಬರುತ್ತೆ, ಎಳೆದ ಹಾಗೆ ಬಾಗುತ್ತೆ, ಅದು ಬೆಝಿಯೆ ಗೆರೆ. ಅದು ಹುಟ್ಟಿದ್ದು ಕಲಾಶಾಲೆಯಲ್ಲಲ್ಲ, ಕಾರು ಕಂಪನಿಯಲ್ಲಿ. ಕಾರಿನ ಬಾಗಿದ ಮೈಯನ್ನ ಲೆಕ್ಕದಲ್ಲಿ ಹಿಡಿಯೋಕೆ ಫ್ರಾನ್ಸ್‌ನ ಸಿಟ್ರೋಯೆನ್‌ನಲ್ಲಿ ಪಾಲ್ ದ ಕಾಸ್ಟೆಲ್ಜೊ 1959ರಲ್ಲೇ ದಾರಿ ಕಂಡುಕೊಂಡಿದ್ದ. ಕಂಪನಿ ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೋದ ಪಿಯೆರ್ ಬೆಝಿಯೆ ತಾನೇ ಬೇರೆಯಾಗಿ ಮಾಡಿ ಪ್ರಕಟಿಸಿದ. ಹೆಸರು ಅವನಿಗೆ ಹೋಯ್ತು. (ಪೋಸ್ಟ್ ಮಾಡದೆ ಡ್ರಾಫ್ಟಲ್ಲೇ ಇಟ್ಟುಕೊಳ್ಳೋರು ಗಮನಿಸಿ.) ನೀವೀಗ ಓದ್ತಿರೋ ಕನ್ನಡ ಅಕ್ಷರಗಳ ದುಂಡು ಕೂಡ ಫಾಂಟ್ ಒಳಗೆ ಅದೇ ಜಾತಿಯ ಗೆರೆ.

ಕಂಪ್ಯೂಟರಲ್ಲಿ ಮೊದಮೊದಲು ಜನ ಮೆಚ್ಚಿದ ಕಾರ್ಟೂನ್ ಪಾತ್ರಗಳಲ್ಲಿ ಒಂದು ಜೇನುಹುಳವೇ. 1984ರ 'ದಿ ಅಡ್ವೆಂಚರ್ಸ್ ಆಫ್ ಆಂಡ್ರೆ ಅಂಡ್ ವಾಲಿ ಬಿ', ಎರಡು ನಿಮಿಷವೂ ಇಲ್ಲ. ಮುಂದೆ ಪಿಕ್ಸಾರ್ ಆದ ಲೂಕಾಸ್‌ಫಿಲ್ಮ್ ತಂಡ ಮಾಡಿದ್ದು. ಆಗ ಕಂಪ್ಯೂಟರಿಗೆ ಗೊತ್ತಿದ್ದಿದ್ದು ಗೋಳ, ಕೊಳವೆ, ಶಂಕುವಿನಂಥ ಗಟ್ಟಿ ಆಕಾರ. ಡಿಸ್ನಿಯಿಂದ ಬಂದ ಜಾನ್ ಲ್ಯಾಸೆಟರ್ ಬಾಗೋ ಆಕಾರ ಬೇಕು ಅಂದ. ಕಣ್ಣೀರ ಹನಿಯಂಥ, ಎಳೆದ್ರೆ ಹಿಗ್ಗೋ, ಒತ್ತಿದ್ರೆ ಕುಗ್ಗೋ ಒಂದು ಮೈ ಹೊಸದಾಗಿ ತಯಾರಾಯ್ತು. ವಾಲಿ ಹಾರಿದಾಗ ಪಾದಗಳು ಹಿಂದೆ ಜೋಲಾಡ್ತವೆ. ಲೆಕ್ಕದಲ್ಲಿ ಹುಟ್ಟಿದ ಹುಳಕ್ಕೆ ಜೀವ ಬಂತು.

ನನ್ನ ಹೆಜ್ಜೆ 3: ಹನಿಯ ಆಕಾರದ ಹೊಟ್ಟೆ, ಅದಕ್ಕೆ ಅಂಟಿದ ದುಂಡು ಎದೆ, ಸ್ವಲ್ಪ ದೊಡ್ಡ ತಲೆ. ಮೂರು ಭಾಗ ಬಿಡಲಿಲ್ಲ. ಲೊರೆನ್ಝ್ ಪಟ್ಟಿಯಿಂದ ತಲೆ, ಕಣ್ಣು ಮಾತ್ರ ಸಾಲ ತಗೊಂಡೆ.

ಭಾಗ 6/8: ಕಾಲು ಕಳೆದವರು, ಕಣ್ಣು ಉಳಿಸಿದವರು

1998ರಲ್ಲಿ ಒಂದೇ ವರ್ಷ ಎರಡು ಇರುವೆ ಸಿನಿಮಾ ಬಂತು: 'ಆಂಟ್ಜ್' ಮತ್ತು 'ಎ ಬಗ್ಸ್ ಲೈಫ್'. 'ಆಂಟ್ಜ್' ಇರುವೆಗೆ ಆರು ಕೈಕಾಲು. 'ಎ ಬಗ್ಸ್ ಲೈಫ್' ಇರುವೆಗೆ ನಾಲ್ಕೇ: ಎರಡು ಕೈ, ಎರಡು ಕಾಲು, ನಮ್ಮ ಹಾಗೆ ನೆಟ್ಟಗೆ ನಡೆಯುತ್ತೆ. ನೋಡೋರಿಗೆ ಹತ್ತಿರ ಆಗಲಿ ಅಂತ ಬೇಕಂತಲೇ ಕಮ್ಮಿ ಮಾಡಿದ್ದು. ಆದ್ರೆ ಅದೇ ಸಿನಿಮಾದಲ್ಲಿ ಇರುವೆಗಳನ್ನ ಪೀಡಿಸೋ ಮಿಡತೆಗಳಿಗೆ ಹೆಚ್ಚುವರಿ ಜೋಡಿ ಬಿಟ್ಟಿದ್ದಾರೆ. ಕೆಟ್ಟವರು ಅಸಹ್ಯ ಕಾಣಲಿ ಅಂತ.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಂತುಬಿಟ್ಟೆ. ನಾಲ್ಕು ಕಾಲು ಅಂದ್ರೆ ಒಳ್ಳೆಯವನು, ಆರು ಅಂದ್ರೆ ಕೆಟ್ಟವನು. ಚಿಕ್ಕಂದಿನಿಂದ ಇಂಥವನ್ನೇ ನೋಡಿ ಬೆಳೆದ ಕೈ ನನ್ನದು. ಅದು ನಾಲ್ಕು ಕಾಲು ಹಾಕಿದ್ದು ಸೋಮಾರಿತನಕ್ಕಲ್ಲ, ಪ್ರೀತಿಗೆ. ಇದು ನಮ್ಮವಳು ಅಂತ ತೋರಿಸೋಕೆ ಅವಳದ್ದೇ ಎರಡು ಕಾಲು ಕತ್ತರಿಸಿದ್ದೆ.

ಬೇರೆ ದಾರಿ ಇಲ್ವಾ? ಇದೆ. ಅದು ನಮಗೆಲ್ಲ ಗೊತ್ತಿರೋ ಸಿನಿಮಾ. 2012ರ ರಾಜಮೌಳಿ ಅವರ 'ಈಗ'. ತೆಲುಗಲ್ಲಿ ಈಗ ಅಂದ್ರೆ ನೊಣ. ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದ ಸುದೀಪ್ ಅದರಲ್ಲಿ ವಿಲನ್. ಎದುರಿಗೆ ಇಲ್ಲವೇ ಇಲ್ಲದ ನೊಣಕ್ಕೆ ಹೆದರಿ, ಬೆವತು, ಕಿರುಚಿ ಆಕ್ಟ್ ಮಾಡಿದ್ದಾರೆ. ನೊಣವನ್ನ ಆಮೇಲೆ ಕಂಪ್ಯೂಟರಲ್ಲಿ ಸೇರಿಸಿದ್ದು.

ಆ ನೊಣ ಮಾಡೋಕೆ ತಂಡದವರು ನಿಜವಾದ ನೊಣಗಳನ್ನ ಹಿಡಿದು, ಫ್ರಿಜ್ಜಲ್ಲಿಟ್ಟು ಪ್ರಜ್ಞೆ ತಪ್ಪಿಸಿ, ಕ್ಲೋಸಪ್ ಫೋಟೊ ತೆಗೆದ್ರು. ಕಷ್ಟ ಅಲ್ಲೇ ಶುರುವಾಯ್ತು. ನೊಣದ ಮುಖದಲ್ಲಿ ಮೂರರಲ್ಲಿ ಎರಡು ಪಾಲು ಬರೀ ಕಣ್ಣು. ರೆಪ್ಪೆ ಇಲ್ಲ, ಗುಡ್ಡೆ ಇಲ್ಲ, ಹುಬ್ಬಿಲ್ಲ. ಸಿಟ್ಟು, ಪ್ರೀತಿ ಎಲ್ಲಿ ತೋರಿಸೋದು? ಮನುಷ್ಯನ ಕಣ್ಣು ಅಂಟಿಸೋದು ಸುಲಭ ಇತ್ತು. ಅವರು ಪಿಕ್ಸಾರ್‌ನ 1986ರ 'ಲಕ್ಸೊ ಜೂನಿಯರ್' ನೋಡಿದ್ರು. ಅದರಲ್ಲಿ ಇರೋದು ಬರೀ ಟೇಬಲ್ ಲ್ಯಾಂಪ್. ಕಣ್ಣು ಬಾಯಿ ಏನೂ ಇಲ್ಲದೆ, ಬಾಗೋದ್ರಲ್ಲಿ ಕುಣಿಯೋದ್ರಲ್ಲೇ ಮಗುವಿನ ಹಾಗೆ ಕಾಣುತ್ತೆ. ಸರಿ, ನೊಣದ ಭಾವನೆಯನ್ನ ಮುಖಕ್ಕೆ ಬದಲು ಮೈಗೆ ಕೊಟ್ರು. ಕೈ ಉಜ್ಜೋದು, ತಲೆ ತಗ್ಗಿಸೋದು, ಎದೆ ಉಬ್ಬಿಸೋದು. ಆ ಸಿನಿಮಾಗೆ ಸ್ಪೆಷಲ್ ಎಫೆಕ್ಟ್ಸ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಥಿಯೇಟರಲ್ಲಿ ಜನ ಶಿಳ್ಳೆ ಹೊಡೆದಿದ್ದು ಆರು ಕಾಲಿನ ನೊಣಕ್ಕೆ. ಕಾಲು ಎಣಿಸಿ ಯಾರೂ ಎದ್ದು ಹೋಗಲಿಲ್ಲ.

ನನ್ನ ಹೆಜ್ಜೆ 4: ಬಿಳಿ ಗುಡ್ಡೆ, ರೆಪ್ಪೆ ಅಳಿಸಿದೆ. ಉದ್ದುದ್ದ ಕಪ್ಪು ಕಣ್ಣು, ಮೇಲೊಂದು ಬೆಳಕಿನ ಚುಕ್ಕಿ. ತಲೆ ಸ್ವಲ್ಪ ವಾರೆ ಮಾಡಿದೆ, ಏನೋ ಕೇಳಿಸ್ಕೊಳ್ತಿರೋ ಹಾಗೆ. ಕೆನ್ನೆ ಬಣ್ಣ ಬೇಕಾಗಲೇ ಇಲ್ಲ.

ಭಾಗ 7/8: ನೋಡೇ ಇಲ್ಲದ ಗೂಡು

ಈಗ ಆ ಗುಮ್ಮಟದ ಗೂಡು. ಇದು ಈ ಸರಣಿಯಲ್ಲಿ ನಂಗೆ ಹೆಚ್ಚು ನೋವು ಕೊಟ್ಟ ಭಾಗ.

ಹುಲ್ಲಿನ ಹಗ್ಗವನ್ನ ಸುತ್ತಿ ಹೊಲಿದು, ಬೋರಲು ಹಾಕಿದ ಬುಟ್ಟಿ ಅದು. ಯೂರೋಪಲ್ಲಿ ನೂರಾರು ವರ್ಷ ಜೇನು ಸಾಕಿದ್ದು ಅದರಲ್ಲೇ. ಕಾರ್ಟೂನಲ್ಲಿ ಮುದ್ದಾಗಿ ಕಾಣುತ್ತೆ. ಆದ್ರೆ ಒಳಗಿನ ತಟ್ಟಿ ಹೊರಗೆ ತೆಗೆಯೋಕೆ ಆಗಲ್ಲ. ಹಾಗಾಗಿ ಜೇನು ಬೇಕಂದ್ರೆ ಎಷ್ಟೋ ಕಡೆ ಗಂಧಕದ ಹೊಗೆ ಹಾಕಿ ಹುಳಗಳನ್ನೇ ಕೊಲ್ತಿದ್ರು. ನಾವು ಸ್ಟಿಕ್ಕರ್ ಮಾಡಿ ಹಂಚೋ ಗೂಡಿನ ಹಿಂದೆ ಈ ಕಥೆ ಇದೆ.

1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಒಂದು ಅಳತೆ ಗಮನಿಸಿದ. ತಟ್ಟಿಗೂ ಗೋಡೆಗೂ ನಡುವೆ ಸೆಂಟಿಮೀಟರಿಗಿಂತ ಸ್ವಲ್ಪ ಕಮ್ಮಿ ಜಾಗ ಬಿಟ್ರೆ, ಹುಳ ಅದನ್ನ ಅಂಟಿನಿಂದ ಮುಚ್ಚಲ್ಲ, ತಟ್ಟಿಯನ್ನೂ ಕಟ್ಟಲ್ಲ. ಓಡಾಡೋ ದಾರಿ ಅಂತ ಬಿಡುತ್ತೆ. ಅಷ್ಟು ಜಾಗ ಬಿಟ್ಟು ಚೌಕಟ್ಟು ಜೋಡಿಸಿದ. ಚೌಕಟ್ಟು ಎತ್ತು, ಜೇನು ತೆಗಿ, ವಾಪಸ್ ಇಡು. ಹುಳ ಸಾಯಬೇಕಿಲ್ಲ. 1852ರಲ್ಲಿ ಪೇಟೆಂಟ್ ಸಿಕ್ಕಿತು.

ಆ ಪೆಟ್ಟಿಗೆ ನಮ್ಮ ಚಿಕ್ಕ ತುಡುವೆಗೆ ತೀರಾ ದೊಡ್ಡದು. 1910ರ ಸುಮಾರಿಗೆ ತಿರುಚಿರಾಪಳ್ಳಿ ಕಡೆಯ ಪಾದ್ರಿ ನ್ಯೂಟನ್, ತುಡುವೆಯ ಅಳತೆಗೆ ಪುಟ್ಟ ಪೆಟ್ಟಿಗೆ ಮಾಡಿ ದಕ್ಷಿಣ ಭಾರತದ ಜನಕ್ಕೆ ಕಲಿಸಿದ. ದೊಡ್ಡಪ್ಪನ ಪೆಟ್ಟಿಗೆ ಇವತ್ತಿಗೂ ಆ ಮಾದರಿಯದ್ದೇ. ಇದನ್ನ ಹೇಳಿದ್ರೆ ಅವರು, "ಹೌದಾ? ನಾವು ನ್ಯೂಟನ್ ಪೆಟ್ಟಿಗೆ ಅಂತೀವಿ, ಸೇಬಿನ ನ್ಯೂಟನ್ ಅಂದ್ಕೊಂಡಿದ್ದೆ" ಅಂದ್ರು.

ಆಮೇಲೆ ಸುಮ್ಮನಾದ್ರು. ಸ್ವಲ್ಪ ಹೊತ್ತಾದ್ಮೇಲೆ, ನಂಗೆ ಯಾವತ್ತೂ ಹೇಳಿರದ ವಿಷಯ ಹೇಳಿದ್ರು.

1990ರ ದಶಕದ ಶುರುವಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂತು. ತುಡುವೆಯ ಮರಿಹುಳಗಳು ಗೂಡಲ್ಲೇ ನೀರು ತುಂಬಿದ ಚೀಲದ ಹಾಗಾಗಿ ಸಾಯ್ತಿದ್ವು. ಹಳ್ಳಿ ಹಳ್ಳಿಯ ಪೆಟ್ಟಿಗೆ ಖಾಲಿಯಾಯ್ತು. ಆಮೇಲೆ ಎಷ್ಟೋ ಜನ ಆ ರೋಗ ತಟ್ಟದ ಯೂರೋಪಿನ ಹುಳ ಸಾಕೋಕೆ ಶುರು ಮಾಡಿದ್ರು. ಹಳದಿ ಜಾಸ್ತಿ ಇರೋ, ಸ್ವಲ್ಪ ದಪ್ಪ ಹುಳ. ಅಜ್ಜ ಆಗ ಇದ್ರು. ದಿನಾ ಬೆಳಗ್ಗೆ ಎದ್ದು ಒಂದೊಂದೇ ಪೆಟ್ಟಿಗೆ ಮುಚ್ಚಳ ತೆಗೆದು, ಮತ್ತೆ ಮುಚ್ಚಿ ಬರ್ತಿದ್ರಂತೆ. ಕೊನೆಗೆ ಒಂದರಲ್ಲೂ ಸದ್ದಿರಲಿಲ್ಲ. ಅಜ್ಜ ಖಾಲಿ ಪೆಟ್ಟಿಗೆ ಬಿಸಾಡೋಕೆ ಬಿಡಲಿಲ್ಲ, ಅಟ್ಟಕ್ಕೆ ಹಾಕಿಸಿದ್ರು. ಎಷ್ಟೋ ವರ್ಷ ಆದ್ಮೇಲೆ, ತೋಟದ ಹಳೇ ಮರದ ಪೊಟರೆಯಲ್ಲಿ ತುಡುವೆ ಬಂದು ಕೂತಿದ್ದನ್ನ ದೊಡ್ಡಪ್ಪ ನೋಡಿ, ಅಟ್ಟದಿಂದ ಪೆಟ್ಟಿಗೆ ಇಳಿಸಿದ್ರು. ಅಷ್ಟೊತ್ತಿಗೆ ಅಜ್ಜ ಇರಲಿಲ್ಲ.

"ಇದು ಯಾರ ಮನೆ ಹುಳ" ಅಂತ ಅವರು ಕೇಳಿದ್ದು ಯಾಕೆ ಅಂತ ಆಗ ಗೊತ್ತಾಯ್ತು. ಅವರ ಕಣ್ಣಿಗೆ ನಾನು ಬಿಡಿಸಿದ್ದು, ಅವರ ಹುಳ ಸತ್ತ ಮೇಲೆ ಆ ಜಾಗಕ್ಕೆ ಬಂದ ಹುಳ.

ಭಾಗ 8/8: ಲೆಕ್ಕಪತ್ರ

ಕೊನೇ ಪೋಸ್ಟ್. ಸ್ವೈಪ್ ಮಾಡಿ, ಮುಗಿದ ಚಿತ್ರ ನೋಡಿ.

ಬಿಕಾಂನವಳು ತಾನೇ, ಲೆಕ್ಕ ಒಪ್ಪಿಸ್ತೀನಿ.

ಕಳೆದದ್ದು: ಬಾಯಿಯ ದವಡೆ ಮತ್ತು ನಾಲಿಗೆ ಕೊಳವೆ. ರೆಕ್ಕೆಯ ನರಗಳು. ನೆತ್ತಿ ಮೇಲಿನ ಮೂರು ಪುಟ್ಟ ಕಣ್ಣು (ಹೌದು, ಜೇನಿಗೆ ಒಟ್ಟು ಐದು ಕಣ್ಣು!). ಕೊಂಡಿ, ಯಾಕಂದ್ರೆ ಸುಮ್ಮನಿರುವಾಗ ಅದು ಹೊಟ್ಟೆ ಒಳಗೇ ಇರುತ್ತೆ. ಜೇನಿನ ಕುಡಿಕೆ.

ಉಳಿಸಿದ್ದು: ಆರು ಕಾಲು. ನಾಲ್ಕು ರೆಕ್ಕೆ. ಮೈಮೇಲಿನ ರೋಮ. ಕಂದುಗಪ್ಪು ಮೈ, ಹೊಟ್ಟೆ ಮೇಲೆ ತೆಳು ಪಟ್ಟೆಗಳು. ಹಿಂಗಾಲಲ್ಲಿ ಪರಾಗದ ಹಳದಿ ಮುದ್ದೆ.

ಸಾಲ ತಂದದ್ದು: ಸ್ವಲ್ಪ ದೊಡ್ಡ ತಲೆ, ಕಣ್ಣಿನ ಬೆಳಕು. ಲೊರೆನ್ಝ್ ಖಾತೆಯಿಂದ.

ಹಿಂದೆ ಗುಮ್ಮಟ ಇಲ್ಲ. ಕಲ್ಲಿನ ಕಂಬದ ಮೇಲೆ ಮರದ ಪುಟ್ಟ ಪೆಟ್ಟಿಗೆ, ಅದರ ಹಿಂದೆ ಎರಡು ಅಡಿಕೆ ಮರ.

ಬಿಡಿಸೋಕೆ ಹೊರಟವರಿಗೆ ನನ್ನ ಅನುಭವದ ನಾಲ್ಕು ಮಾತು. ಕಾಲುಗಳನ್ನ ಬೇರೆ ಲೇಯರಲ್ಲಿ ಇಡಿ, ಆರನ್ನೂ ಸರಿಸಿ ಸರಿಸಿ ನೋಡೋಕೆ ಆಗುತ್ತೆ. ಆಚೆ ಬದಿಯ ಮೂರು ಕಾಲನ್ನ ಸ್ವಲ್ಪ ಮಂಕು ಬಣ್ಣದಲ್ಲಿ ಹಾಕಿ, ಗಜಿಬಿಜಿ ಅನ್ಸಲ್ಲ. ರೋಮಕ್ಕೆ ಒಂದೊಂದೇ ಗೆರೆ ಎಳೀಬೇಡಿ, ಅಂಚಲ್ಲಿ ಮಾತ್ರ ಅಲ್ಲಲ್ಲಿ ಕೊಡಿ, ಉಳಿದಿದ್ದನ್ನ ಕಣ್ಣೇ ತುಂಬಿಕೊಳ್ಳುತ್ತೆ. ನೆರಳಿಗೆ ಮಲ್ಟಿಪ್ಲೈ ಲೇಯರ್ ಸಾಕು. ಕ್ರಿಟಾ ಉಚಿತ. 1999ರಲ್ಲಿ ಕೆಡಿಇ ಅನ್ನೋ ಮುಕ್ತ ತಂತ್ರಾಂಶ ಗುಂಪಲ್ಲಿ ಶುರುವಾಗಿದ್ದು. ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ, ನಂದೇ ಸಾಕ್ಷಿ.

ಮುದ್ದಾಗಿ ಬಿಡಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಏನನ್ನೂ ಕಳೆಯದೆ ಕಾರ್ಟೂನ್ ಆಗಲ್ಲ. ಕಿಂಬಲ್ ಕಳೆದದ್ದು ಗೊತ್ತಿದ್ದೇ ಕಳೆದ. 'ಈಗ' ತಂಡ ಉಳಿಸಿದ್ದು ಗೊತ್ತಿದ್ದೇ ಉಳಿಸಿತು. ನಾನು ಮಾತ್ರ ಯಾ‍ರೋ ಎಂದೋ ಕಳೆದಿಟ್ಟಿದ್ದನ್ನ ನೋಡಿ ನಕಲು ಮಾಡಿದ್ದೆ, ಕಣ್ಣೆದುರಿಗೆ ನಿಜವಾದ ಹುಳ ಗುಂಯ್ ಅಂತಿದ್ರೂ. ಏನು ಕಳೀಬೇಕು ಅನ್ನೋದನ್ನ ನೀವೇ ನೋಡಿ ತೀರ್ಮಾನ ಮಾಡಿ. ಟೆಂಪ್ಲೇಟ್‌ಗೆ ಬಿಡಬೇಡಿ. ಅಷ್ಟೇ ನನ್ನ ಮಾತು.

ಹೋದ ಭಾನುವಾರ ಪ್ರಿಂಟ್ ತಗೊಂಡು ಊರಿಗೆ ಹೋಗಿದ್ದೆ. ದೊಡ್ಡಪ್ಪ ಜಗಲಿ ಮೇಲೆ ಕೂತು, ಬಾಟಲಿಯನ್ನ ಬೆಳಕಿಗೆ ಹಿಡಿದು, ಬೆರಳಲ್ಲಿ ಕಾಲು ಎಣಿಸಿದ್ರು. ಒಂದು, ಎರಡು, ಮೂರು. ಆಚೆ ಬದಿದು ಮೂರು. ಆಮೇಲೆ ಹಿಂಗಾಲಿನ ಹಳದಿ ಮುದ್ದೆ ಮೇಲೆ ಬೆರಳು ನಿಂತಿತು.

"ಪರಾಗ ತಗೊಂಡು ಮನೆಗೆ ಬರ್ತಿದ್ದಾಳೆ" ಅಂದ್ರು.

'ಬರ್ತಿದೆ' ಅನ್ನಲಿಲ್ಲ. ನಾನು ಲೇಯರ್ ಹೆಸರು ಬದಲಾಯಿಸಿದ್ದನ್ನ ಅವರಿಗೆ ಹೇಳಿರಲಿಲ್ಲ.

ನಿಮ್ಮ ಮನೆ ಹತ್ರದ ಒಂದು ಹುಳ ಬಿಡಿಸಿ, ಕಾಲು ಎಣಿಸಿ, ನಂಗೆ ಟ್ಯಾಗ್ ಮಾಡಿ. ಜೀರುಂಡೆ, ಗುಬ್ಬಚ್ಚಿ ಹುಳ, ಗೊದ್ದ, ಯಾವುದಾದ್ರೂ ಸರಿ. ಸ್ಟೋರೀಲಿ ಎಲ್ಲಾ ಹಾಕ್ತೀನಿ.

#ಜೇನುಹುಳ #ತುಡುವೆ #ಕನ್ನಡಚಿತ್ರಕಲೆ #ಆರುಕಾಲು